ದ್ರೋಣವಧೆಯ ಅರ್ಧಮಾತು ಮತ್ತು ನಮ್ಮ ನೀತಿ ದೈವಶಾಸ್ತ್ರ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಹೋಬಳಿ ಊರುಗಳಲ್ಲಿ ಕುರುಕ್ಷೇತ್ರ ನಾಟಕವೆಂದರೆ ಇಂದಿಗೂ ಇಡೀ ರಾತ್ರಿಯ ಸಂಭ್ರಮ. ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ಆ ನಾಟಕವನ್ನು ಆಡಿದ ಕಥೆ ಈ ಸೀಮೆಯಲ್ಲಿ ಇನ್ನೂ ಹಳತಾಗಿಲ್ಲ. ಈಗ ಆಡುವವರು ರೈತರು, ಶಾಲೆಯ ಮೇಷ್ಟರು, ಅಂಗಡಿಯವರು. ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕಲಿತು, ತಾವೇ ಹಣ ಹಾಕಿ ಪಾತ್ರ ಪಡೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಕೊತ್ತಗೆರೆಯಲ್ಲಿ ಅಂಥದೊಂದು ಪ್ರಯೋಗ ನೋಡುತ್ತ ಕುಳಿತಿದ್ದೆವು. ದ್ರೋಣವಧೆ ಹಾಡುಗಳ ನಡುವೆ ಬೇಗನೆ ಮುಗಿದುಹೋಯಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ ಅದನ್ನು ಅಷ್ಟಕ್ಕೆ ಬಿಡಲಿಲ್ಲ. "ಸ್ವಾಮಿ, ಬೇರೆ ಯಾರು ಹೇಳಿದ್ರೂ ದ್ರೋಣ ನಂಬ್ತಿರ್ಲಿಲ್ಲ. ನಿಜ ಹೇಳೋನು ಅಂತ ಹೆಸರು ಮಾಡಿದೋನು ಹೇಳಿದ್ದಕ್ಕೇ ಸತ್ತ" ಎಂದರು.

ನೀತಿ ದೈವಶಾಸ್ತ್ರದ ತರಗತಿಯಲ್ಲಿ ಎಂಟನೆಯ ಆಜ್ಞೆಯನ್ನು ಬೋಧಿಸುವಾಗ ಆ ಮಾತು ನಮಗೆ ಮತ್ತೆ ಮತ್ತೆ ನೆನಪಾಗಿದೆ. ನಮ್ಮ ಪಠ್ಯಪುಸ್ತಕಗಳು ಈ ವಿಷಯವನ್ನು ಹಿಡಿಯುವ ತುದಿಯೇ ಬೇರೆ. ಅವು ಹೇಳಿದವನ ವಾಕ್ಯವನ್ನು ಪರೀಕ್ಷಿಸುತ್ತವೆ: ವಾಕ್ಯ ಸತ್ಯವೇ, ಅವನ ಮನಸ್ಸಿಗೆ ವಿರುದ್ಧವೇ, ಎರಡು ಅರ್ಥಗಳಿಗೆ ಎಡೆಯಿದೆಯೇ ಎಂದು. ಆ ಹಿರಿಯರು ನೋಡಿದ್ದು ಕೇಳಿದವನನ್ನು. ಈ ಎರಡು ನೋಟಗಳ ನಡುವಿನ ದೂರವನ್ನು ಅಳೆಯಲು ಮಹಾಭಾರತದ ಈ ಪ್ರಸಂಗವನ್ನು ನಮ್ಮ ಶಾಸ್ತ್ರದ ಜೊತೆಗಿಟ್ಟು ಓದುವುದು ಉಪಯುಕ್ತವೆಂದು ನಮಗೆ ತೋರುತ್ತದೆ.

ಕಥೆ ಎಲ್ಲರಿಗೂ ಗೊತ್ತು. ಆದರೆ ವ್ಯಾಸಭಾರತದ ದ್ರೋಣಪರ್ವದಲ್ಲಿ ಅದು ಜನಜನಿತ ರೂಪಕ್ಕಿಂತ ಹೆಚ್ಚು ಸೂಕ್ಷ್ಮವಾಗಿದೆ. ನಾವು ಸಾಮಾನ್ಯವಾಗಿ ನೆನಪಿಡುವುದು ಒಂದೇ ಅರ್ಧಸತ್ಯವನ್ನು. ಅಲ್ಲಿರುವುದು ಎರಡು. ಮೊದಲನೆಯದು ಭೀಮನದು. ಅವನು ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಕೊಂದು, ನಾಚುತ್ತಲೇ ದ್ರೋಣನ ಬಳಿಗೆ ಹೋಗಿ ಅಶ್ವತ್ಥಾಮ ಸತ್ತನೆಂದು ಕೂಗುತ್ತಾನೆ. ಆ ಘಳಿಗೆಯಲ್ಲಿ ಅವನ ಮನಸ್ಸಿನಲ್ಲಿದ್ದುದು ಆನೆ ಎಂಬುದನ್ನು ವ್ಯಾಸ ಸ್ಪಷ್ಟವಾಗಿ ದಾಖಲಿಸುತ್ತಾನೆ. ದಾಖಲಿಸಿದ ಮೇಲೂ ಭೀಮನ ಮಾತನ್ನು 'ಮಿಥ್ಯೆ' ಎಂದೇ ಕರೆಯುತ್ತಾನೆ. ಎರಡನೆಯದು ಧರ್ಮರಾಯನದು. ಅಶ್ವತ್ಥಾಮ ಸತ್ತನೆಂಬುದನ್ನು ಅವನು ಕೇಳುವಂತೆ ಹೇಳಿ, ಆನೆ ಎಂಬ ಪದವನ್ನು ಅಸ್ಪಷ್ಟವಾಗಿ ನುಡಿಯುತ್ತಾನೆ. ಪಾಂಚಜನ್ಯದ ಧ್ವನಿಯಲ್ಲಿ ಆ ಪದ ಮುಳುಗಿತೆಂದು ನಮ್ಮ ಕಥೆ ಹೇಳುವವರು ಸೇರಿಸುವುದುಂಟು. ಅದು ಧರ್ಮರಾಯನ ಹೊಣೆಯನ್ನು ಕೃಷ್ಣನ ಶಂಖದ ಮೇಲೆ ಹಾಕುವ ಕರುಣೆ ಇರಬಹುದು. ವ್ಯಾಸ ಆ ಕರುಣೆ ತೋರುವುದಿಲ್ಲ. ಪದ ಕೇಳಿಸದಂತೆ ಆಡಿದವನು ಅರಸನೇ.

ನೀತಿ ದೈವಶಾಸ್ತ್ರದ ಇತಿಹಾಸ ಬಲ್ಲವರಿಗೆ ಇಲ್ಲಿ ಬೆರಗಾಗಬೇಕು. 16ನೆಯ ಶತಮಾನದಲ್ಲಿ ನವಾರ್ರುಸ್ ಎಂದು ಹೆಸರಾದ ಮಾರ್ತಿನ್ ದೆ ಅಸ್ಪಿಲ್ಕುಯೇತ ಪ್ರತಿಪಾದಿಸಿ, ಮುಂದಿನ ಶತಮಾನದಲ್ಲಿ ಹಲವರು ಬೆಳೆಸಿದ 'ರೆಸ್ತ್ರಿಕ್ಟಿಯೊ ಮೆಂತಾಲಿಸ್' ಎಂಬ ಸಿದ್ಧಾಂತಕ್ಕೆ ಭೀಮನ ಕೂಗಿಗಿಂತ ಒಳ್ಳೆಯ ಉದಾಹರಣೆ ಸಿಗದು. ಇದನ್ನು ಕನ್ನಡದಲ್ಲಿ 'ಮನದಲ್ಲಿ ಉಳಿಸಿಕೊಂಡ ಮಾತು' ಎನ್ನಬಹುದು. ಬಾಯಿಯಲ್ಲಿ ಆಡಿದ ಭಾಗ, ಮನಸ್ಸಿನಲ್ಲಿ ಉಳಿಸಿಕೊಂಡ ಭಾಗ, ಎರಡೂ ಸೇರಿ ಒಂದು ವಾಕ್ಯ. ಪೂರ್ಣ ವಾಕ್ಯ ಸತ್ಯವಾದ್ದರಿಂದ, ದೇವರು ಅದನ್ನು ಪೂರ್ಣವಾಗಿ ಕೇಳುವುದರಿಂದ, ಹೇಳಿದವನು ಸುಳ್ಳುಗಾರನಲ್ಲ ಎಂಬುದು ವಾದ. ಪಾಸ್ಕಲ್ 1656-57ರ ತನ್ನ ಪತ್ರಗಳಲ್ಲಿ ಇದನ್ನು ಗೇಲಿ ಮಾಡಿದ. 1679ರಲ್ಲಿ ಹನ್ನೊಂದನೆಯ ಇನ್ನೊಸೆಂಟ್ ಜಗದ್ಗುರುಗಳ ಕಾಲದ ತೀರ್ಪು 65 ಸಡಿಲ ಪ್ರತಿಪಾದನೆಗಳನ್ನು ಖಂಡಿಸಿತು. ಅವುಗಳಲ್ಲಿ 26 ಮತ್ತು 27ನೆಯವು ಇದಕ್ಕೆ ಸಂಬಂಧಿಸಿದವು. ಬೇರೊಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದನ್ನು ಮಾಡಿಲ್ಲವೆಂದು ಆಣೆಯಿಡುವುದು ಸುಳ್ಳೇ ಎಂದು ಧರ್ಮಸಭೆ ನಿರ್ಣಯಿಸಿತು. ವ್ಯಾಸ ಒಂದೇ ಪದದಲ್ಲಿ ಮುಗಿಸಿದ್ದ ತೀರ್ಪನ್ನು ತಲುಪಲು ನಮ್ಮವರಿಗೆ ನೂರು ವರ್ಷದ ಚರ್ಚೆ ಬೇಕಾಯಿತು.

ಆದರೆ ಭೀಮನಿಗೆ ಬಾಗಿಲು ಮುಚ್ಚಿದ ಮೇಲೂ ಧರ್ಮರಾಯನಿಗೆ ಕಿಟಕಿಯೊಂದು ತೆರೆದೇ ಇತ್ತು. ಕೇಳುವವನು ಸಂದರ್ಭದಿಂದ ನಿಜವನ್ನು ಊಹಿಸಬಲ್ಲನಾದರೆ ದ್ವಂದ್ವಾರ್ಥದ ಮಾತು ತಕ್ಕ ಕಾರಣವಿದ್ದಾಗ ಸಲ್ಲುತ್ತದೆ ಎಂದು ಮುಂದಿನ ಕೈಪಿಡಿಗಳು ಕಲಿಸಿದವು. ಯಜಮಾನರು ಒಳಗಿದ್ದರೂ ಮನೆಯಲ್ಲಿಲ್ಲವೆನ್ನುವ ಸೇವಕನ ಉದಾಹರಣೆ ನಮ್ಮಲ್ಲಿ ಪ್ರತಿಯೊಬ್ಬರೂ ಓದಿದ್ದೇ. ಇದರ ಜೊತೆಗೆ ಸಂತ ಅಥನಾಸಿಯರ ಪ್ರಸಂಗವೂ ಬರುತ್ತದೆ. ಚಕ್ರವರ್ತಿ ಜೂಲಿಯನನ ಕಾಲದಲ್ಲಿ ನೈಲ್ ನದಿಯಲ್ಲಿ ಬೆನ್ನಟ್ಟಿ ಬಂದವರು ಅಥನಾಸಿಯ ಹತ್ತಿರದಲ್ಲಿದ್ದಾನೆಯೇ ಎಂದು ಕೇಳಿದಾಗ, ಅವರ ದೋಣಿಯಿಂದಲೇ ದೂರವೇನಿಲ್ಲ ಎಂಬ ಉತ್ತರ ಬಂತು. ವಿದ್ಯಾರ್ಥಿಗಳು ನಗುತ್ತಾರೆ, ನಾವೂ ನಗುತ್ತೇವೆ. ಆ ನಗೆ ತಪ್ಪಲ್ಲ. ಕೊಲ್ಲಲು ಬಂದವನು ತಾನು ಹುಡುಕುವವನ ದೋಣಿಯವರ ಮೇಲೆ ಯಾವ ವಿಶ್ವಾಸವನ್ನೂ ಇಟ್ಟಿರಲಿಲ್ಲ. ಆದ್ದರಿಂದ ಮುರಿಯಲು ಅಲ್ಲಿ ಏನೂ ಇರಲಿಲ್ಲ. ದ್ರೋಣನ ಸ್ಥಿತಿ ಬೇರೆ. ಮಗನ ಬಲ ಬಲ್ಲ ಅವನು ಭೀಮನನ್ನು ನಂಬದೆ ಯುದ್ಧ ಮುಂದುವರಿಸಿದ. ಮೂರು ಲೋಕದ ಒಡೆತನ ಸಿಕ್ಕರೂ ಸುಳ್ಳಾಡನೆಂದು ಬಾಲ್ಯದಿಂದ ತಾನು ಕಂಡಿದ್ದ ಶಿಷ್ಯನನ್ನೇ ಕೇಳಿದ. ಎದುರಾಳಿಯಾಗಿದ್ದರೂ ಕೇಳಿದ. ಅರ್ಧಮಾತು ಹೊಕ್ಕದ್ದು ಈ ವಿಶ್ವಾಸದ ಬಾಗಿಲಿನಿಂದ.

ಇಲ್ಲಿ ಕೃಷ್ಣನ ಪಾತ್ರದ ಬಗ್ಗೆ ಒಂದು ಮಾತು. ಪ್ರಾಣ ಉಳಿಸಲು ಆಡಿದ ಸುಳ್ಳು ಪಾಪವಲ್ಲವೆಂದು ಅವನು ನೇರವಾಗಿ ವಾದಿಸುತ್ತಾನೆ. ಸಂತ ಅಗಸ್ತೀನರು ಒಪ್ಪುತ್ತಿರಲಿಲ್ಲ, ನಾವೂ ಒಪ್ಪಬೇಕಿಲ್ಲ. ಆದರೆ ಅದು ಮುಚ್ಚುಮರೆಯಿಲ್ಲದ ವಾದ. ಅರ್ಜುನನಿಗೆ ಇದು ರುಚಿಸಲಿಲ್ಲ. ಅದೂ ನೇರ ನಿಲುವೇ. ಧರ್ಮರಾಯ ಒಬ್ಬನೇ ಎರಡೂ ಬೇಕೆಂದ. ಸುಳ್ಳಿನ ಭಯದಲ್ಲಿ ಅವನು ಮುಳುಗಿದ್ದ, ಗೆಲುವಿನ ಮೇಲೆ ಅವನ ಮನಸ್ಸು ಅಂಟಿತ್ತು ಎಂಬ ಭಾವದ ಮಾತನ್ನು ವ್ಯಾಸ ಈ ಘಳಿಗೆಗೇ ಇಟ್ಟಿದ್ದಾನೆ. ಕೃಷ್ಣನ ವಾದ ಸರಿಯಾದರೆ ಸುಳ್ಳನ್ನೇ ಹೇಳಬೇಕಿತ್ತು, ತಪ್ಪಾದರೆ ಸುಮ್ಮನಿರಬೇಕಿತ್ತು. ಪಿಸುಗುಟ್ಟಿದ ಆನೆ ಎಂಬ ಪದ ಯಾರಿಗಾಗಿ? ದ್ರೋಣನಿಗೆ ಅದು ಕೇಳಿಸಬಾರದು, ಕೇಳಿಸಿದರೆ ಉಪಾಯವೇ ಕೆಡುತ್ತದೆ. ದೇವರಿಗೆ ಪಿಸುಗುಟ್ಟುವ ಅಗತ್ಯವಿಲ್ಲ. ಆ ಪದ ಧರ್ಮರಾಯನ ಸ್ವಂತ ಲೆಕ್ಕಪುಸ್ತಕಕ್ಕೆ ಸೇರಿದ್ದು. ಸತ್ಯದ ಆ ತುಣುಕು ಯಾರಿಗೂ ಏನನ್ನೂ ತಿಳಿಸುವುದಿಲ್ಲ; ಹೇಳಿದವನು ಮುಂದೆ ತಾನು ಸುಳ್ಳಾಡಲಿಲ್ಲ ಎಂದುಕೊಳ್ಳಲು ಮಾತ್ರ ಒದಗುತ್ತದೆ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ಆಗ ಕೆಳಗಿಳಿಯಿತು. ಸ್ವರ್ಗಾರೋಹಣ ಪರ್ವದಲ್ಲಿ ಅವನಿಗೆ ನರಕದರ್ಶನವಾದಾಗ ಇಂದ್ರ ಕೊಡುವ ಕಾರಣವೂ ಇದೇ: ವ್ಯಾಜದಿಂದ ದ್ರೋಣನನ್ನು ನಡೆಸಿಕೊಂಡದ್ದಕ್ಕೆ ವ್ಯಾಜದಿಂದಲೇ ನರಕ ತೋರಿಸಲಾಯಿತು. ಅಲ್ಲಿ ಬಂದ ಪದ ಸುಳ್ಳು ಎಂಬುದಲ್ಲ, ವ್ಯಾಜ. ಈ ಆಯ್ಕೆಯನ್ನು ಗಮನಿಸಬೇಕು.

ಏಕೆಂದರೆ ನಮ್ಮ ಶಾಸ್ತ್ರದಲ್ಲೂ ಈ ಎರಡು ಪದಗಳಿವೆ, ನಾವು ಒಂದನ್ನು ಮರೆತಿದ್ದೇವೆ. ಸಂತ ಥೋಮಾಸ್ ಅಕ್ವಿನಾಸರು 'ಸುಮ್ಮಾ'ದ ಎರಡನೆಯ ಭಾಗದ ದ್ವಿತೀಯಾರ್ಧದಲ್ಲಿ 110ನೆಯ ಪ್ರಶ್ನೆಯನ್ನು ಸುಳ್ಳಿಗೆ ಮೀಸಲಿಟ್ಟಿದ್ದಾರೆ. ಸತ್ಯವನ್ನು ವಿವೇಕದಿಂದ ಮರೆಮಾಡಬಹುದೆಂಬ ಅವರ ಪ್ರಸಿದ್ಧ ಅನುಮತಿ ಅಲ್ಲಿಯದೇ, ಮೂರನೆಯ ಪರಿಚ್ಛೇದದಲ್ಲಿ. ಕೈಪಿಡಿಗಳು ಆ ಒಂದು ಸಾಲನ್ನು ಹಿಡಿದು ಮನೆ ಕಟ್ಟಿದವು. ಆದರೆ ಅದೇ ಗ್ರಂಥದ 55ನೆಯ ಪ್ರಶ್ನೆಯಲ್ಲಿ, ವಿವೇಕವನ್ನು ಹೋಲುವ ದುರ್ಗುಣಗಳ ಸಾಲಿನಲ್ಲಿ, ಅವರು 'ಅಸ್ತೂತಿಯ' ಅಂದರೆ ಕಪಟಜಾಣ್ಮೆಯನ್ನೂ ಅದನ್ನು ಕಾರ್ಯಕ್ಕಿಳಿಸುವ 'ದೋಲುಸ್' ಎಂಬುದನ್ನೂ ಚರ್ಚಿಸುತ್ತಾರೆ. ದೋಲುಸ್ ಮುಖ್ಯವಾಗಿ ಮಾತಿನಿಂದಲೇ ನಡೆಯುತ್ತದೆ ಎನ್ನುತ್ತಾರೆ. ಸುಳ್ಳೋ ಅಲ್ಲವೋ ಎಂಬ ಪ್ರಶ್ನೆಗೆ ಅಲ್ಲವೆಂಬ ಉತ್ತರ ಬಂದೊಡನೆ ನಮ್ಮ ತರಗತಿಗಳಲ್ಲಿ ಪಾಠ ಮುಗಿಯುತ್ತದೆ. ಸಂತ ಥೋಮಾಸರ ಪ್ರಕಾರ ಇನ್ನೊಂದು ಪ್ರಶ್ನೆ ಉಳಿದೇ ಇದೆ. 110ನ್ನು ಓದಿ 55ನ್ನು ಓದದ ವಿದ್ಯಾರ್ಥಿಯನ್ನು ನಾವು ಧರ್ಮಕೇಂದ್ರಕ್ಕೆ ಕಳುಹಿಸುತ್ತಿದ್ದೇವೆ.

ಪವಿತ್ರಗ್ರಂಥವೂ ಈ ಎರಡನೆಯ ಪ್ರಶ್ನೆಯನ್ನು ಕೈಬಿಟ್ಟಿಲ್ಲ. ಆದಿಕಾಂಡದ 20ನೆಯ ಅಧ್ಯಾಯದಲ್ಲಿ ಅಬ್ರಹಾಮ ಸಾರಳನ್ನು ತನ್ನ ತಂಗಿಯೆಂದು ಹೇಳುತ್ತಾನೆ. ಒಂದೇ ತಂದೆಯ ಮಗಳಾದ್ದರಿಂದ ಅದು ನಿಜವೇ ಎಂದು ಆಮೇಲೆ ಸಮರ್ಥಿಸಿಕೊಳ್ಳುತ್ತಾನೆ. ಅವನು ಸತ್ಯವನ್ನು ಮರೆಮಾಡಿದನೇ ಹೊರತು ಸುಳ್ಳಾಡಲಿಲ್ಲವೆಂದು ಅಗಸ್ತೀನರು ಅವನ ಪರ ನಿಂತರು; ಪಾಶ್ಚಾತ್ಯ ಪರಂಪರೆ ಬಹುಮಟ್ಟಿಗೆ ಅವರನ್ನೇ ಅನುಸರಿಸಿತು. ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ದೇವರು ಕನಸಿನಲ್ಲಿ ಮಾತನಾಡುವುದು ಮೋಸಹೋದ ಗೆರಾರಿನ ಅರಸ ಅಬೀಮೆಲೆಕನೊಡನೆ. ಅವನ ಮನಸ್ಸು ನಿಷ್ಕಪಟವಾಗಿತ್ತೆಂದು ದೇವರೇ ಒಪ್ಪುತ್ತಾರೆ. ಮಾಡಬಾರದ್ದನ್ನು ನೀನು ನನಗೆ ಮಾಡಿದೆ ಎಂಬ ಅವನ ದೂರಿಗೆ ಅಬ್ರಹಾಮನ ವಂಶವಿವರಣೆ ಉತ್ತರವೇ ಅಲ್ಲ. ಲೇಖಕ ಎರಡು ಮಾತುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ಯೊವಾನ್ನರ ಶುಭಸಂದೇಶದಲ್ಲಿ ಕ್ರಿಸ್ತರು ನಥಾನಿಯೇಲನನ್ನು ಹೊಗಳುವ ಬಗೆಯೂ ಇಲ್ಲಿ ನೆನಪಾಗಬೇಕು. ಸುಳ್ಳಾಡದವನೆಂದು ಅವರು ಅವನನ್ನು ಕರೆಯಲಿಲ್ಲ, ಕಪಟವಿಲ್ಲದವನೆಂದರು. ಗ್ರೀಕಿನ ಆ 'ದೋಲೊಸ್' ಪದವೇ ಏಸಾವನ ಆಶೀರ್ವಾದವನ್ನು ಕಸಿದುಕೊಂಡ ಯಕೋಬನ ಬಗ್ಗೆ ಸೆಪ್ತುವಜಿಂತ ಅನುವಾದದಲ್ಲಿ ಬರುತ್ತದೆ.

ಈ ಅಳತೆಗೋಲನ್ನು ನಮ್ಮ ಮನೆಯೊಳಕ್ಕೇ ತಂದರೆ ಏನಾಗುತ್ತದೆ? ಕರ್ನಾಟಕದ ಕಥೋಲಿಕರಿಗೆ ಹತ್ತಿರದ ಪ್ರಕರಣ ರೊಬೆರ್ತೊ ದೆ ನೊಬಿಲಿಯವರದು. 1606ರಲ್ಲಿ ಮದುರೆಗೆ ಬಂದ ಆ ಯೇಸುಸಭೆಯ ಗುರು ಸಂನ್ಯಾಸಿಯ ಉಡುಗೆ, ಆಹಾರ, ನಡೆಗಳನ್ನು ಸ್ವೀಕರಿಸಿದರು. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿ ಹಿಡಿದದ್ದೂ ಆ ದಾರಿಯನ್ನೇ. ಈ ಸೀಮೆಯ ಹಳೆಯ ಕ್ರೈಸ್ತ ಸಮುದಾಯಗಳು ಆ ಮಿಷನ್ನಿಗೆ ಋಣಿ. ಮದುರೆಯಲ್ಲಿ ನೊಬಿಲಿಯವರು ತಮ್ಮ ಮನೆಯ ಬಾಗಿಲಿಗೆ ಓಲೆಯೊಂದನ್ನು ಹಾಕಿಸಿ, ತಾವು ಪರಂಗಿಯಲ್ಲ, ಪರಂಗಿಗಳ ನಾಡಿನಲ್ಲಿ ಹುಟ್ಟಿದವರಲ್ಲ, ಅವರ ಕುಲದವರಲ್ಲ, ರೋಮಿನವರು, ಅಲ್ಲಿ ತಮ್ಮ ಮನೆತನ ಇಲ್ಲಿನ ರಾಜರಿಗೆ ಸಮನೆಂದು ಸಾರಿದರು. ಒಂದೊಂದು ಮಾತಿಗೂ ಸಮರ್ಥನೆಯುಂಟು. ಪರಂಗಿಯೆಂದರೆ ಪೋರ್ಚುಗೀಸನೆಂದಾದರೆ ಅವರು ಇಟಲಿಯವರು. ಗೋಮಾಂಸ, ಮದ್ಯ, ಅಶೌಚದ ಬದುಕಿಗೆ ಊರು ಕೊಟ್ಟ ಹೆಸರು ಅದೆಂದಾದರೆ ಆ ಬದುಕನ್ನು ಅವರು ಬಿಟ್ಟಿದ್ದರು. ಕ್ರೈಸ್ತನಾಗುವುದೆಂದರೆ ಪರಂಗಿ ಕುಲಕ್ಕೆ ಸೇರುವುದೆಂಬ ತಪ್ಪು ತಿಳಿವಳಿಕೆಯನ್ನು ಅದಕ್ಕಿಂತ ಮೊದಲಿನ ಮಿಷನರಿಗಳೇ ಬೆಳೆಸಿದ್ದರು; ಅದನ್ನು ಕಳಚುವುದು ಸತ್ಯದ ಸೇವೆಯೇ ಆಗಿತ್ತು.

ಇಷ್ಟನ್ನು ಒಪ್ಪಿಯೂ ನಮಗೆ ಒಂದು ತಕರಾರಿದೆ. ಅದು ಉಡುಗೆ, ಜನಿವಾರ, ಚಂದನಗಳ ಕುರಿತಲ್ಲ. ಅವುಗಳನ್ನು ಹದಿನೈದನೆಯ ಗ್ರೆಗೋರಿ ಜಗದ್ಗುರುಗಳು 1623ರಲ್ಲಿ ಅನುಮತಿಸಿದರು, ಮುಂದಿನ ಶತಮಾನದಲ್ಲಿ ರೋಮ್ ಮಲಬಾರ್ ಆಚರಣೆಗಳ ವಿಷಯದಲ್ಲಿ ಬಿಗಿಯಾಯಿತು. ಆ ಚರ್ಚೆ ಬೇರೆ. ನಮ್ಮ ತಕರಾರು ಓಲೆಯನ್ನು ಓದಿದವನ ಬಗ್ಗೆ. ಅದೇ ಮದುರೆಯಲ್ಲಿ ಗೊನ್ಸಾಲೊ ಫೆರ್ನಾಂದಿಸ್ ಎಂಬ ಪೋರ್ಚುಗೀಸ್ ಗುರು, ನೊಬಿಲಿಯವರ ಸಭೆಯವರೇ, ಪರವರ ನಡುವೆ ಸೇವೆ ಮಾಡುತ್ತಿದ್ದರು. ಓಲೆಯನ್ನು ಓದಿದವನು ಈ ಇಬ್ಬರದು ಒಂದೇ ಸಭೆ, ಒಂದೇ ಪೀಠ, ಒಂದೇ ಬಲಿಪೂಜೆ ಎಂದು ತಿಳಿಯುವಂತಿರಲಿಲ್ಲ. ತಿಳಿಯಬಾರದೆಂಬುದೇ ಅದರ ಪ್ರಯೋಜನದ ಅರ್ಧ. ಆ ಓದುಗನಿಗೆ ತಾನು ಯಾರ ಜೊತೆ ಒಂದೇ ರೊಟ್ಟಿಯನ್ನು ಹಂಚಿಕೊಳ್ಳಲಿದ್ದೇನೆ ಎಂಬುದನ್ನು ದೀಕ್ಷಾಸ್ನಾನಕ್ಕೆ ಮೊದಲೇ ತಿಳಿಯುವ ಹಕ್ಕಿತ್ತು. ಪರವ ಕ್ರೈಸ್ತರಿಗೂ ತಮ್ಮನ್ನು ನಿರಾಕರಿಸದಿರುವಂತೆ ಕೇಳುವ ಹಕ್ಕಿತ್ತು. ನೊಬಿಲಿಯವರ ಧೈರ್ಯ, ಪಾಂಡಿತ್ಯ, ತ್ಯಾಗಗಳ ಮುಂದೆ ನಾವು ಕುಬ್ಜರು. ಆದರೂ ಜಾತಿಯ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಉಳಿದಿರುವಾಗ, ಆ ಓಲೆಯ ಸತ್ಯವಾಕ್ಯಗಳನ್ನು ಹೊಗಳಿ ಮುಂದೆ ಸಾಗುವುದು ನಮಗೆ ಸಾಧ್ಯವಾಗದು.

ಇದು ಹಳೆಯ ಕಾಲದ ಸಂಗತಿ ಎನ್ನುವವರಿಗೆ 2009ರ ನವೆಂಬರಿನಲ್ಲಿ ಪ್ರಕಟವಾದ, ಡಬ್ಲಿನ್ ಮಹಾಧರ್ಮಕ್ಷೇತ್ರದ ಕುರಿತ ಮರ್ಫಿ ಆಯೋಗದ ವರದಿಯನ್ನು ತೋರಿಸಬೇಕಾಗುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಪರಿಹಾರಕ್ಕೆ ಧರ್ಮಕ್ಷೇತ್ರದ ಹಣ ಬಳಕೆಯಾದ ಪ್ರಶ್ನೆ ಬಂದಾಗ, ಹಣವನ್ನು ಬಳಸಲಾಗುವುದಿಲ್ಲ ಎಂದು ತಾವು ಪತ್ರಕರ್ತರಿಗೆ ಹೇಳಿದ್ದೆವೇ ಹೊರತು ಬಳಸಿಲ್ಲ ಎಂದು ಹೇಳಿರಲಿಲ್ಲವೆಂಬುದು ಕಾರ್ಡಿನಲ್ ಡೆಸ್ಮಂಡ್ ಕಾನೆಲ್ ಅವರ ವಿವರಣೆಯಾಗಿತ್ತು. ಕ್ರಿಯಾಪದದ ಕಾಲ ಬದಲಾದದ್ದಷ್ಟೇ. ಮನದಲ್ಲಿ ಉಳಿಸಿಕೊಳ್ಳುವ ಮಾತಿನ ಸಿದ್ಧಾಂತವನ್ನು ಅವರು ಆಯೋಗದ ಮುಂದೆ ವಿವರಿಸಿದ್ದೂ ವರದಿಯಲ್ಲಿದೆ. ಆ ವಾಕ್ಯವನ್ನು ಕೇಳಿಸಿಕೊಂಡವರಲ್ಲಿ ಬಾಲ್ಯದಲ್ಲಿ ನೊಂದವರಿದ್ದರು. ಅವರೇನು ಅಥನಾಸಿಯರನ್ನು ಬೆನ್ನಟ್ಟಿದ ಸೈನಿಕರೇ? ಪಾದ್ರಿಗಳು ಸುಳ್ಳು ಹೇಳುವುದಿಲ್ಲ ಎಂದು ಕಲಿತೇ ಬೆಳೆದ ದ್ರೋಣರು ಅವರು. ವಾಕ್ಯವನ್ನು ಉಳಿಸಿಕೊಳ್ಳಲು ಕಲಿಸಿದ ಶಾಸ್ತ್ರ ಕೇಳುಗನನ್ನು ಎಷ್ಟು ಪೂರ್ಣವಾಗಿ ಮರೆಯಬಲ್ಲದು ಎಂಬುದು ಇಲ್ಲಿ ಕಾಣುತ್ತದೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2483ನೆಯ ಪರಿಚ್ಛೇದ ಮೊದಲು ಪ್ರಕಟವಾದಾಗ, ಸತ್ಯವನ್ನು ತಿಳಿಯುವ ಹಕ್ಕುಳ್ಳವನನ್ನು ತಪ್ಪುದಾರಿಗೆಳೆಯುವುದು ಸುಳ್ಳು ಎಂಬರ್ಥದ ಮಾತಿತ್ತು. 1997ರ ಅಧಿಕೃತ ಪಠ್ಯದಲ್ಲಿ ಹಕ್ಕಿನ ಆ ಷರತ್ತನ್ನು ತೆಗೆದುಹಾಕಲಾಯಿತು. ಹಕ್ಕಿಲ್ಲದವನಿಗೆ ಸತ್ಯ ತಿಳಿಸಬೇಕಾಗಿಲ್ಲವೆಂಬುದು 2489ರಲ್ಲಿ ಉಳಿದುಕೊಂಡಿದೆ. ಅಂದರೆ ಮೌನಕ್ಕೆ ಅವಕಾಶವಿದೆ, ದಾರಿ ತಪ್ಪಿಸಲು ಇಲ್ಲ. ತಿದ್ದುಪಡಿ ಚಿಕ್ಕದು. ಅದನ್ನು ಗಮನಿಸಿದ ವಿದ್ಯಾರ್ಥಿಗಳನ್ನು ನಾವು ಬೆರಳೆಣಿಕೆಯಷ್ಟು ಕಂಡಿದ್ದೇವೆ.

ಇಷ್ಟೆಲ್ಲ ಬರೆಯುವ ನಾವು ಹೊರಗೆ ನಿಂತು ನೋಡುತ್ತಿಲ್ಲ. ಧರ್ಮಕೇಂದ್ರವೊಂದರಲ್ಲಿದ್ದಾಗ, ಬೇರೆ ಊರಿನ ಗುರುಗಳೊಬ್ಬರು ಮದುವೆಯ ಸಂಬಂಧ ಕುದುರುತ್ತಿದ್ದ ನಮ್ಮ ಯುವಕನೊಬ್ಬನ ಬಗ್ಗೆ ಹೆಣ್ಣಿನ ಮನೆಯವರ ಪರವಾಗಿ ವಿಚಾರಿಸಿ ಬರೆದರು. ಅವನ ಕುಡಿತ ಊರಿಗೆಲ್ಲ ಗೊತ್ತಿತ್ತು. ಪಾಪನಿವೇದನೆಯಿಂದ ನಮಗೆ ತಿಳಿದದ್ದಲ್ಲ. ನಾವು ನಾಲ್ಕು ವಾಕ್ಯ ಬರೆದೆವು. ಕುಟುಂಬ ಗೌರವಸ್ಥರದು, ಹುಡುಗ ಗಾಯಕವೃಂದದಲ್ಲಿ ಹಾಡುತ್ತಾನೆ, ಕೆಲಸದಲ್ಲಿದ್ದಾನೆ, ಮದುವೆಗೆ ಧರ್ಮಸಭೆಯ ಕಾನೂನಿನ ಅಡ್ಡಿಯಿಲ್ಲ. ನಾಲ್ಕೂ ಸತ್ಯ. ಮದುವೆಯಾದರೆ ಸರಿಹೋದಾನೆಂಬ ಆಸೆಯೂ ನಮಗಿತ್ತು. ಅವನ ತಾಯಿಯ ಕಣ್ಣೀರಿಗೆ ಕರಗಿದ್ದೆವೆಂಬುದು ಇನ್ನೂ ನಿಜ. ಎರಡು ವರ್ಷಗಳ ನಂತರ ಹುಡುಗಿಯ ತಾಯಿ ಬಂದರು. ಜಗಳಕ್ಕೆ ಬಂದಿರಲಿಲ್ಲ. "ನಿಮ್ಮ ಕಾಗದದಲ್ಲಿ ಸುಳ್ಳೇನೂ ಇರ್ಲಿಲ್ಲ ಫಾದರ್. ನಾವೇ ಬೇರೆ ಕಡೆ ಕೇಳ್ಬೇಕಾಗಿತ್ತು. ನೀವು ಬರೆದ್ರಲ್ಲಾ ಅಂತ ಕೇಳ್ಲಿಲ್ಲ" ಎಂದರು. ಕೊತ್ತಗೆರೆಯ ಹಿರಿಯರ ಮಾತು ನಮಗೆ ಪೂರ್ತಿ ಅರ್ಥವಾದದ್ದು ಆಗ. ಧರ್ಮಸಭಾ ಕಾನೂನಿನ 1098ನೆಯ ನಿಯಮ ಒಪ್ಪಿಗೆ ಪಡೆಯಲು ಮಾಡಿದ ಇಂಥ ವಂಚನೆಯಿಂದಾದ ಮದುವೆಯನ್ನು ಅಸಿಂಧುವೆನ್ನುತ್ತದೆ, ಮರೆಮಾಡಿದ ಗುಣ ದಾಂಪತ್ಯವನ್ನು ಗಂಭೀರವಾಗಿ ಕೆಡಿಸುವಂಥದ್ದಾದರೆ. ಅಲ್ಲಿ ಬಳಸಿರುವ ಲತೀನ್ ಪದವೂ ದೋಲುಸ್. ನಮ್ಮ ಕಾಗದ ಆ ನಿಯಮದ ವ್ಯಾಪ್ತಿಗೆ ಬರುತ್ತಿತ್ತೋ ಇಲ್ಲವೋ ಎಂದು ನ್ಯಾಯಮಂಡಳಿಯ ಮಿತ್ರರನ್ನು ಕೇಳುವ ಧೈರ್ಯ ನಮಗಾಗಲಿಲ್ಲ.

ಹಾಗಾದರೆ ಏನು ಬರೆಯಬೇಕಿತ್ತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎಲ್ಲವನ್ನೂ ಬರೆದರೆ ಅವನ ಮಾನಕ್ಕೆ ಧಕ್ಕೆ; ಬರೆಯಲಾರೆವೆಂದರೆ ಆ ನಿರಾಕರಣೆಯೇ ಉತ್ತರವಾಗುತ್ತದೆ. ಈ ತೊಡಕು ನಿಜವಾದದ್ದೇ. ಪಾಪನಿವೇದನೆಯ ಗುಟ್ಟಿನ ವಿಷಯದಲ್ಲಿ ಅದು ಇನ್ನೂ ಬಿಗಿ, ಅಲ್ಲಿ ಒಂದು ಸುಳಿವೂ ಹೊರಬೀಳಬಾರದು. ನಾವು ಕಂಡುಕೊಂಡದ್ದು ಒಂದು ಅಭ್ಯಾಸ ಮಾತ್ರ: ಪ್ರಕರಣ ಬರುವ ಮೊದಲೇ ನಿಯಮ ಗೊತ್ತಿರಬೇಕು, ಅದು ಎಲ್ಲರಿಗೂ ಒಂದೇ ಆಗಿರಬೇಕು. ಈಗ ಇಂಥ ವಿಚಾರಣೆಗಳಿಗೆ ನಮ್ಮದು ಒಂದೇ ಉತ್ತರ, ಒಳ್ಳೆಯವನ ಬಗ್ಗೆಯಾದರೂ ಅಷ್ಟೇ. ದೀಕ್ಷಾಸ್ನಾನ ಮತ್ತು ಅವಿವಾಹಿತ ಸ್ಥಿತಿಯ ದಾಖಲೆಯನ್ನು ಕಳುಹಿಸಿ, ನಡತೆ, ಆರೋಗ್ಯ, ಹಣಕಾಸುಗಳ ಬಗ್ಗೆ ಗುರುಗಳು ಬರೆಯುವುದಿಲ್ಲ, ನೀವೇ ಊರಿಗೆ ಬಂದು ನಾಲ್ಕು ಮನೆಗಳಲ್ಲಿ ಕೇಳಿರಿ ಎನ್ನುತ್ತೇವೆ. ಸಹೋದರ ಗುರುಗಳಲ್ಲಿ ಕೆಲವರು ಇದನ್ನು ಕಲ್ಲುಹೃದಯವೆನ್ನುತ್ತಾರೆ. ಒಳ್ಳೆಯ ಹುಡುಗರಿಗೆ ಇದರಿಂದ ಅನ್ಯಾಯವಾಗುತ್ತದೆಂಬ ಅವರ ಮಾತಿನಲ್ಲಿ ಹುರುಳಿದೆ. ಕಳೆದ ಬಾರಿ ಹಾಗೆ ಬರೆದಾಗ ಹೆಣ್ಣಿನ ಮನೆಯವರು ನಿಜಕ್ಕೂ ಬಸ್ಸು ಹತ್ತಿ ಬಂದರು, ಎರಡು ದಿನ ಉಳಿದು ವಿಚಾರಿಸಿದರು. ಸಂಬಂಧ ಕೂಡಿತು.